ಕೊಂಬಿನ ಹಿಡಿಯ ಚೂರಿ

ಆಯುಧಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅಲಗಿನ ಚರಿತ್ರೆಯನ್ನೇ ಬರೆದಿದ್ದಾರೆ. ಕಬ್ಬಿಣ ಎಲ್ಲಿಯದು, ಉಕ್ಕು ಹೇಗೆ ಹದಗೊಂಡಿತು, ಕತ್ತಿಯ ಬಾಗು ಎಷ್ಟು ಎಂಬುದನ್ನು ಕುರಿತ ಚರ್ಚೆಗೆ ಕೊರತೆಯಿಲ್ಲ. ಆದರೆ ಅಲಗು ಎಷ್ಟೇ ಹರಿತವಾಗಿದ್ದರೂ ಅದನ್ನು ಕೈಗೆ ಕೂಡಿಸುವುದು ಹಿಡಿ. ಆಯುಧಕ್ಕೆ ಹಳಗನ್ನಡದಲ್ಲಿ ‘ಕೈದು’ ಎಂಬ ಮಾತಿದೆ. ವಚನಗಳನ್ನು ಓದಿದವರಿಗೆ ಇದು ಚಿರಪರಿಚಿತವಾದ ಶಬ್ದ. ಅದರ ಮೂಲದಲ್ಲಿರುವುದು ಕೈ. ಎಂದರೆ ನಮ್ಮ ಹಿರಿಯರು ಆಯುಧವನ್ನು ಹೆಸರಿಸುವಾಗ ಮೊನೆಯನ್ನು ನೆನೆಯದೆ, ಅದನ್ನು ಹಿಡಿದ ಕೈಯನ್ನು ನೆನೆದರು. ಹೀಗಿರುವಾಗ ಹಿಡಿಯ ಚರಿತ್ರೆಯನ್ನು ಒಮ್ಮೆಯಾದರೂ ವಿಚಾರಿಸುವುದು ಅನುಚಿತವಾಗಲಾರದು.

ಪ್ರಕೃತ ಲೇಖನದಲ್ಲಿ ಜಿಂಕೆ ಮತ್ತು ಕಡವೆಗಳ ಕೊಂಬಿನಿಂದ ಮಾಡಿದ ಹಿಡಿಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಕೇಂದ್ರವಾಗಿಟ್ಟುಕೊಂಡು, ಅಗತ್ಯವಿದ್ದೆಡೆ ಹೊರಗಿನ ಸಂಗತಿಗಳನ್ನೂ ತಂದಿದ್ದೇನೆ. ಈ ವಿಷಯವನ್ನೇ ಏಕೆ ಆರಿಸಿಕೊಂಡೆನೆಂಬುದು ಲೇಖನದ ಕೊನೆಗೆ ವಾಚಕರಿಗೆ ತಿಳಿಯುತ್ತದೆ.

ಕೊಂಬು ಮತ್ತು ಕೊಂಬೆ

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ದನ, ಎಮ್ಮೆ, ಆಡು, ಕೃಷ್ಣಮೃಗ ಇವುಗಳ ತಲೆಯ ಮೇಲಿರುವುದನ್ನೂ ಕಡವೆ, ಸಾರಗಗಳ ತಲೆಯ ಮೇಲಿರುವುದನ್ನೂ ನಾವು ಕೊಂಬು ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ವಸ್ತುತಃ ಇವೆರಡೂ ಬೇರೆ ಬೇರೆ ಪದಾರ್ಥಗಳು. ದನದ ಕೊಂಬು ನಮ್ಮ ಉಗುರಿನ ಜಾತಿಯದು. ಒಳಗಿನ ಎಲುಬಿನ ಮೇಲೆ ಒರೆಯಂತೆ ಬೆಳೆದು ಜೀವಮಾನವಿಡೀ ಉಳಿಯುತ್ತದೆ, ಕವಲೊಡೆಯುವುದಿಲ್ಲ. ಕಡವೆಯ ಕೊಂಬಾದರೋ ಅಪ್ಪಟ ಎಲುಬು. ಗಂಡಿಗೆ ಮಾತ್ರ ಮೂಡುತ್ತದೆ. ಬೆಳೆಯುವ ಕಾಲದಲ್ಲಿ ನವಿರಾದ ರೋಮವುಳ್ಳ ಚರ್ಮ ಅದನ್ನು ಹೊದ್ದಿರುತ್ತದೆ. ಬಲಿತ ಮೇಲೆ ಆ ಚರ್ಮ ಒಣಗಿ ಸುಲಿದುಹೋಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕೊಂಬು ಬುಡದಿಂದ ಕಳಚಿ ಬಿದ್ದು ಮತ್ತೆ ಹೊಸದು ಮೂಡುತ್ತದೆ. ಮರದ ಕೊಂಬೆಯ ಹಾಗೆ ಕವಲೊಡೆಯುತ್ತದೆ. ಕೊಂಬು, ಕೊಂಬೆ ಎಂಬ ಎರಡು ಶಬ್ದಗಳ ಬಾಂಧವ್ಯವನ್ನು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಕಡವೆಯ ತಲೆಯನ್ನು ಕಂಡವರಿಗೆ ಆ ಬಾಂಧವ್ಯಕ್ಕೆ ನಿಘಂಟಿನ ಸಾಕ್ಷ್ಯ ಬೇಕಾಗುವುದಿಲ್ಲ.

ಪೂರ್ವೇತಿಹಾಸ

ಎಲುಬನ್ನೂ ಕೊಂಬನ್ನೂ ಉಪಕರಣವಾಗಿ ಬಳಸುವ ರೂಢಿ ಲೋಹಕ್ಕಿಂತ ಬಹು ಪುರಾತನವಾದದ್ದು. ಆಂಧ್ರದ ಕರ್ನೂಲು ಸೀಮೆಯ ಗವಿಗಳಲ್ಲಿ ಹಳೆಯ ಶಿಲಾಯುಗದ ಕೊನೆಯ ಘಟ್ಟಕ್ಕೆ ಸೇರಿದ ಎಲುಬಿನ ಉಪಕರಣಗಳು ದೊರೆತಿವೆ. ಕರ್ನಾಟಕದ ನವಶಿಲಾಯುಗದ ನೆಲೆಗಳಲ್ಲಿಯೂ ಕಲ್ಲಿನ ಕೊಡಲಿಗಳ ಜತೆಗೆ ಎಲುಬಿನ ಮೊನೆಗಳು ಕಂಡುಬರುತ್ತವೆ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ದೊರೆತ ಕಬ್ಬಿಣದ ಪ್ರಾಚೀನತೆಯನ್ನು ವಿದ್ವಾಂಸರು ಕ್ರಿ. ಪೂ. 1000ದ ಆಸುಪಾಸಿಗೆ ಒಯ್ದಿದ್ದಾರೆ. ಕಬ್ಬಿಣ ಬಂದ ಮೇಲೆ ಎಲುಬು ಮತ್ತು ಕೊಂಬುಗಳು ಮೊನೆಯ ಸ್ಥಾನವನ್ನು ಲೋಹಕ್ಕೆ ಬಿಟ್ಟುಕೊಟ್ಟು ಹಿಡಿಯ ಸ್ಥಾನಕ್ಕೆ ಸರಿದವೆಂದು ಊಹಿಸಬಹುದು. ಮರದ ಹಿಡಿ ಮಣ್ಣಿನಲ್ಲಿ ಉಳಿಯುವುದಿಲ್ಲ. ಆದ್ದರಿಂದ ಉತ್ಖನನದಲ್ಲಿ ಹಿಡಿಯಿಲ್ಲದ ಅಲಗುಗಳೇ ಹೆಚ್ಚಾಗಿ ಸಿಕ್ಕುತ್ತವೆ. ಚರಿತ್ರೆಕಾರರು ಹಿಡಿಯನ್ನು ಮರೆಯಲು ಇದೂ ಒಂದು ಕಾರಣ.

ಬೇಟೆಯ ನಾಡು

ಇಂದು ಕಬ್ಬು, ಭತ್ತಗಳ ಹಸಿರಿನಿಂದ ಕಂಗೊಳಿಸುವ ಮಂಡ್ಯ ಜಿಲ್ಲೆಯಲ್ಲಿ ಹಿಂದೆ ಬೇಟೆಗೆ ದೊಡ್ಡ ಗೌರವವಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಪ್ರಸಿದ್ಧ ಶಿಲಾಶಾಸನವೇ ಇದಕ್ಕೆ ನಿದರ್ಶನ. ಗಂಗರ ಬೂತುಗನ ಕಾಲದಲ್ಲಿ, 10ನೆಯ ಶತಮಾನದ ಮಧ್ಯಭಾಗದಲ್ಲಿ, ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ಸಾಕಿದ ನಾಯಿಗೆ ಸ್ಮಾರಕವನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟ ಸಮಾಜದಲ್ಲಿ ಬೇಟೆಯೆಂಬುದು ಕೇವಲ ವಿನೋದವಾಗಿರಲಿಲ್ಲವೆಂಬುದು ವಿದಿತ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯಾವಿನೋದಕ್ಕೆ ಒಂದು ವಿಸ್ತಾರವಾದ ಪ್ರಕರಣವೇ ಮೀಸಲಾಗಿದೆ.

ಇದೇ ಸಂದರ್ಭದಲ್ಲಿ ಶಿವನ ಮೂರ್ತಿಶಿಲ್ಪದ ಒಂದು ಲಕ್ಷಣವನ್ನು ನೆನೆಯಬೇಕು. ದಕ್ಷಿಣದ ಶಿಲ್ಪಸಂಪ್ರದಾಯದಲ್ಲಿ ಶಿವನ ಮೇಲಣ ಎರಡು ಕೈಗಳಲ್ಲಿ ಒಂದು ಪರಶುವನ್ನೂ ಇನ್ನೊಂದು ಮೃಗವನ್ನೂ ಹಿಡಿದಿರುವುದುಂಟು. ಒಂದು ಕೈಯಲ್ಲಿ ಹರಿತವಾದ ಕಬ್ಬಿಣ, ಇನ್ನೊಂದು ಕೈಯಲ್ಲಿ ಜೀವಂತವಾದ ಜಿಂಕೆಮರಿ. ಎರಡೂ ಒಬ್ಬನವೇ, ಆದರೆ ಬೇರೆ ಬೇರೆ ಕೈಗಳಲ್ಲಿ. ಕೊಂಬಿನ ಹಿಡಿಯ ಚೂರಿಯಲ್ಲಿ ಇವೆರಡೂ ಒಂದೇ ಕೈಗೆ ಬಂದು ಕೂಡುತ್ತವೆ. ‘ಕೊಡಲಿಯ ಕಾವು ಕುಲಕ್ಕೆ ಮೃತ್ಯು’ ಎಂದು ನಮ್ಮ ಜನ ಮರವನ್ನು ಕುರಿತು ಗಾದೆ ಕಟ್ಟಿದರು. ಜಿಂಕೆಯ ಚರ್ಮವನ್ನು ಜಿಂಕೆಯ ಕೊಂಬಿನ ಹಿಡಿಯುಳ್ಳ ಚೂರಿಯಿಂದಲೇ ಸುಲಿಯುವಾಗ ಆ ಗಾದೆ ಮತ್ತಷ್ಟು ಕಟುವಾಗಿ ಅನ್ವಯಿಸುತ್ತದೆ.

ಶ್ರೀರಂಗಪಟ್ಟಣದ ಕಾಲ

ಉಕ್ಕಿನ ಕೆಲಸಕ್ಕೆ ಹಳೆಯ ಮೈಸೂರು ಸೀಮೆ ಹೆಸರಾಗಿತ್ತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪಿಯರ್ಸನ್ ಎಂಬ ವಿದ್ವಾಂಸನು ಭಾರತದ ಉಕ್ಕನ್ನು ಕುರಿತು ಪ್ರಬಂಧವನ್ನು ಮಂಡಿಸಿದಾಗ ಅದನ್ನು ‘ವೂಟ್ಸ್’ ಎಂದು ಕರೆದನು. ಇದು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂಬುದು ಅನೇಕರ ಅಭಿಪ್ರಾಯ. 1799ರ ಮೇ 4ರಂದು ಶ್ರೀರಂಗಪಟ್ಟಣದ ಪತನವಾಯಿತು. ಮರುವರ್ಷವೇ ಈ ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳಲ್ಲಿ ಕಬ್ಬಿಣ ಕರಗಿಸುವವರ, ಉಕ್ಕು ಮಾಡುವವರ ಕೆಲಸವನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಚನ್ನಪಟ್ಟಣದ ಉಕ್ಕಿನ ತಂತಿ ವಾದ್ಯಗಳಿಗೆ ಶ್ರೇಷ್ಠವೆಂದು ಆಗ ದೂರದೂರಕ್ಕೆ ಹೋಗುತ್ತಿತ್ತು. ನಾಗಮಂಗಲದ ವಿಶ್ವಕರ್ಮರ ಹಿತ್ತಾಳೆ, ಕಂಚಿನ ಎರಕದ ಕೆಲಸ ಹಿಂದಿನಿಂದಲೂ ಪ್ರಸಿದ್ಧ. ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದುದು ಹೈದರ್, ಟಿಪ್ಪು ಇವರ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಅಲ್ಲಿ ಬೀಡುಬಿಟ್ಟದ್ದರಿಂದ. ಹೀಗೆ ಲೋಹ, ಕುಶಲಿಗಳು ಮತ್ತು ಸೈನ್ಯ ಈ ಮೂರೂ ಒಂದೆಡೆ ನೆರೆದಿದ್ದ ನಾಡು ಇದು.

ಆದರೂ ಟಿಪ್ಪುವಿನ ಖಾಸಾ ಆಯುಧಗಳಲ್ಲಿ ಕೊಂಬಿನ ಹಿಡಿ ಪ್ರಧಾನವಾಗಿರಲಿಲ್ಲ. ಇಂದು ದೇಶವಿದೇಶಗಳ ಸಂಗ್ರಹಾಲಯಗಳಲ್ಲಿರುವ ಆತನ ಖಡ್ಗಗಳ ಹಿಡಿಗಳಲ್ಲಿ ಲೋಹದ ಮೇಲೆ ಚಿನ್ನದ ಕೆಲಸ, ಹುಲಿಯ ತಲೆಯ ಆಕಾರ, ಹುಲಿಯ ಪಟ್ಟೆಯ ಅಲಂಕಾರ ಇವು ಎದ್ದು ಕಾಣುತ್ತವೆ. ಯುದ್ಧದ ಖಡ್ಗಕ್ಕೆ ಕೈಯನ್ನು ಕಾಯುವ ಲೋಹದ ಹಿಡಿ ಬೇಕು. ಕೊಂಬಿನ ಹಿಡಿಗೆ ಸಲ್ಲುವುದು ಚಿಕ್ಕ ಅಲಗು: ಸೊಂಟದ ಚೂರಿ, ಬೇಟೆಯ ಕತ್ತಿ. ನೆರೆಯ ಕೊಡಗಿನಲ್ಲಿ ಈ ಸಂಪ್ರದಾಯ ಇನ್ನೂ ಜೀವಂತವಾಗಿದೆ. ಮುಂದೆ ಸೊಂಟಪಟ್ಟಿಗೆ ಸಿಕ್ಕಿಸುವ ಪೀಚೆಕತ್ತಿಯ ಹಿಡಿಯನ್ನು ಬೆಳ್ಳಿ, ದಂತ, ಮರ, ಕೊಂಬು ಇವುಗಳಿಂದ ಅವರವರ ಅಂತಸ್ತಿಗೆ ತಕ್ಕಂತೆ ಮಾಡಿಸುತ್ತಿದ್ದರು. ಬೆನ್ನಿಗೆ ಕಟ್ಟುವ ಅಗಲವಾದ ಒಡಿಕತ್ತಿ ಬೇರೆ. ಒಂದು ಮನೆಯ ಚೂರಿಯ ಹಿಡಿಯನ್ನು ನೋಡಿದರೆ ಆ ಮನೆಯ ಸ್ಥಿತಿಗತಿ ತಿಳಿಯುತ್ತಿತ್ತು.

ಹಡಗು ಹತ್ತಿದ ಕೊಂಬು

ಕಂಪನಿಯ ಮತ್ತು ಅನಂತರದ ಬ್ರಿಟಿಷ್ ಆಡಳಿತದ ಕಾಲದಲ್ಲಿ ಕೊಂಬಿಗೆ ಹೊಸದೊಂದು ಗಿರಾಕಿ ದೊರೆಯಿತು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಪಟ್ಟಣಗಳ ಚೂರಿ ತಯಾರಕರು ಭಾರತದ ಕಡವೆಯ ಕೊಂಬನ್ನು ಬಹುವಾಗಿ ಮೆಚ್ಚಿದರು. ಯೂರೋಪಿನ ಜಿಂಕೆಗಳ ಕೊಂಬಿಗೆ ಹೋಲಿಸಿದರೆ ಕಡವೆಯದರಲ್ಲಿ ಹೊರಗಿನ ಗಟ್ಟಿಪದರ ದಪ್ಪ, ಒಳಗಿನ ಸಡಿಲವಾದ ತಿರುಳು ಕಡಿಮೆ. ಮೂರು ಅಡಿಗಿಂತ ಉದ್ದವಾದ ಕೊಂಬುಗಳೂ ಉಂಟು. ಇದೇ ಅವರ ಮೆಚ್ಚುಗೆಗೆ ಕಾರಣ. ಅಲ್ಲಿನ ಮಾಂಸ ಕತ್ತರಿಸುವ ಊಟದ ಚೂರಿಗಳೂ ಬೇಟೆಯ ಚೂರಿಗಳೂ ನಮ್ಮ ಕಾಡಿನ ಕೊಂಬನ್ನು ತೊಟ್ಟವು. ದೇಶದೊಳಗೂ ಶಿಕಾರಿಯ ಹವ್ಯಾಸ ಬೆಳೆದು ಕೊಂಬುಗಳು ಗೋಡೆಗೆ ಏರಿದವು. ಮೃಗಗಳ ಚರ್ಮವನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧವಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆ 20ನೆಯ ಶತಮಾನದ ಬಹುಭಾಗ ಕೆಲಸ ಮಾಡಿ 1999ರಲ್ಲಿ ಮುಚ್ಚಿತು. ಕೊಂಬು ಆಯುರ್ವೇದಕ್ಕೂ ಬೇಕಾದ ವಸ್ತುವಾಗಿತ್ತು; ಮೃಗಶೃಂಗದ ಭಸ್ಮವನ್ನು ರಸಶಾಸ್ತ್ರ ಹೇಳುತ್ತದೆ.

ಉಪಯುಕ್ತತೆಯ ವಿಚಾರ

ಕೊಂಬಿನ ಹಿಡಿಯನ್ನು ಜೋಡಿಸುವ ಕ್ರಮ ಹೀಗೆ: ಕೊಂಬನ್ನು ಚೆನ್ನಾಗಿ ಒಣಗಿಸಿ ಬೇಕಾದ ಉದ್ದಕ್ಕೆ ಗರಗಸದಿಂದ ಕೊಯ್ಯುತ್ತಾರೆ. ನಡುವಿನ ತಿರುಳನ್ನು ಕೊರೆದು, ಅಲಗಿನ ಹಿಂಬದಿಯ ಚೂಪಾದ ಬಾಲವನ್ನು ಅದರೊಳಕ್ಕೆ ಇಳಿಸುತ್ತಾರೆ. ಸಂದುಗಳಿಗೆ ಕರಗಿಸಿದ ಅರಗಿನಲ್ಲಿ ಇಟ್ಟಿಗೆಯ ಪುಡಿಯನ್ನು ಬೆರೆಸಿ ತುಂಬುತ್ತಾರೆ. ಅಲಗು ಹಿಡಿಯನ್ನು ಸೇರುವ ಕಡೆ ಹಿತ್ತಾಳೆಯ ಬಳೆಯನ್ನು ಬಿಗಿದರೆ ಕೊಂಬು ಸೀಳುವುದಿಲ್ಲ. ಇನ್ನೊಂದು ಕ್ರಮದಲ್ಲಿ ಬಾಲವನ್ನು ಅಗಲವಾಗಿ ಬಿಟ್ಟು, ಕೊಂಬಿನ ಎರಡು ಹೋಳುಗಳನ್ನು ಇಕ್ಕೆಲಗಳಲ್ಲಿ ಇಟ್ಟು, ಗುಬಟು ಮೊಳೆಗಳಿಂದ ಬಡಿಯುತ್ತಾರೆ.

ಇದರ ಗುಣಗಳು ಹಲವು. ಕೊಂಬಿನ ಮೈಮೇಲಿನ ಗೀರುಗಳೂ ಗಂಟುಗಳೂ ಒದ್ದೆಕೈಯಲ್ಲಿಯೂ ಜಾರದ ಹಿಡಿತವನ್ನು ಕೊಡುತ್ತವೆ. ಸಾಮಾನ್ಯ ಎಲುಬಿಗಿಂತ ಇದು ಪೆಟ್ಟನ್ನು ಹೆಚ್ಚು ತಾಳುತ್ತದೆ. ಗಂಡುಗಳ ಕಾದಾಟಕ್ಕೆಂದೇ ಪ್ರಕೃತಿ ಇದನ್ನು ನಿರ್ಮಿಸಿದೆಯಷ್ಟೆ. ದನದ ಕೊಂಬಿನಂತೆ ಬಿಸಿನೀರಿಗೆ ಮೆತ್ತಗಾಗಿ ಸೊಟ್ಟಗಾಗುವುದಿಲ್ಲ. ಸಹಜವಾದ ಬಾಗು ಅಂಗೈಗೆ ಒಗ್ಗುತ್ತದೆ. ದೋಷಗಳೂ ಇಲ್ಲದಿಲ್ಲ. ತಿರುಳು ಬಯಲಾದ ಕಡೆ ನೀರನ್ನೂ ಕೊಳೆಯನ್ನೂ ಹೀರುತ್ತದೆ. ಆದುದರಿಂದ ಅಡಿಗೆಯ ಚೂರಿಗೆ ಇದು ಶುಚಿಯಾದ ಹಿಡಿಯಲ್ಲ. ಒಂದೇ ಸಮನೆ ಬಿಸಿಲಿಗೂ ನೀರಿಗೂ ಸಿಕ್ಕಿದರೆ ಬಿರಿಯುತ್ತದೆ. ಬೆಂಕಿಯ ಸಮೀಪದಲ್ಲಿಟ್ಟರೆ ಅರಗು ಕರಗಿ ಅಲಗು ಸಡಿಲುತ್ತದೆ. ಕೊಯ್ಯುವಾಗ ಏಳುವ ಧೂಳು ಉಸಿರಿಗೆ ಕೆಟ್ಟದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಮುರಿದರೆ ರೈತನು ತಾನೇ ಬದಲಿಸಿಕೊಳ್ಳುವಂತಿಲ್ಲ.

ಈ ಕಡೆಯ ಮಾತೇ ನಮ್ಮ ತಾಲ್ಲೂಕುಗಳ ಚರಿತ್ರೆಯನ್ನು ಬಿಡಿಸಿ ಹೇಳುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಭತ್ತ ಕೊಯ್ಯುವ ಕುಡುಗೋಲಿಗಾಗಲಿ, ಕಬ್ಬು ಕಡಿಯುವ ಕತ್ತಿಗಾಗಲಿ, ಕೃಷ್ಣರಾಜಪೇಟೆಯ ತೋಟಗಳ ಎಳನೀರು ಕೆತ್ತುವ ಮಚ್ಚಿಗಾಗಲಿ, ನಾಗಮಂಗಲದ ಬೆದ್ದಲಿನಲ್ಲಿ ರಾಗಿ ಕೊಯ್ಯುವವರ ಕೈಗಾಗಲಿ ಕೊಂಬಿನ ಹಿಡಿ ಬರಲಿಲ್ಲ. ಅಲ್ಲಿ ಸಲ್ಲುವುದು ಜಾಲಿ, ಹುಣಸೆ, ದಿಂಡಿಗ. ದಿನವಿಡೀ ಬೀಸುವ ಕೈಗೆ ಹಗುರವಾದ, ಬೆವರನ್ನು ಹೀರುವ, ಮುರಿದರೆ ಬೇಲಿಯ ಮಗ್ಗುಲಲ್ಲೇ ಇನ್ನೊಂದು ಸಿಕ್ಕುವ ಮರ ಬೇಕು. ಕೊಂಬಿನ ಹಿಡಿ ದುಡಿಯುವವನ ಕೈಯಲ್ಲಿರಲಿಲ್ಲ. ಬೇಟೆಯಾಡುವವನ, ಮೆರೆಯುವವನ ಸೊಂಟದಲ್ಲಿತ್ತು. ಕಾಡನ್ನೇ ನಂಬಿ ಬಾಳಿದ ಬೇಡನ ಮಾತು ಬೇರೆ. ಅವನಿಗೆ ಬೇಟೆ ಜೀವನೋಪಾಯ. ಬೇಡರ ಕಣ್ಣಪ್ಪನನ್ನು ಪುರಾತನರ ಸಾಲಿನಲ್ಲಿ ಕೂರಿಸಿ ಹರಿಹರನು ರಗಳೆಯನ್ನೇ ರಚಿಸಿದನು. ಕೈಯಲ್ಲಿದ್ದ ಬಿಲ್ಲಿನಿಂದ ಕಣ್ಣಪ್ಪನು ಸಣ್ಣವನಾಗಲಿಲ್ಲ.

ವಚನಕಾರರ ಹೆಸರುಗಳನ್ನು ಒಮ್ಮೆ ಅವಲೋಕಿಸೋಣ. ಬಾಚಿಕಾಯಕದ ಬಸವಯ್ಯ, ಮೇದಾರ ಕೇತಯ್ಯ, ಸೂಜಿಕಾಯಕದ ರಾಮಿತಂದೆ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ. ಕಾಯಕದ ಉಪಕರಣವೇ ಹೆಸರಿನ ಮುಂದೆ ಬಂದು ನಿಂತ ಇಂಥ ಸಾಹಿತ್ಯ ಲೋಕದಲ್ಲಿ ವಿರಳ. ಬಾಚಿಗೂ ಬಿದಿರು ಸೀಳುವ ಕತ್ತಿಗೂ ಇದ್ದ ಗೌರವ ಅವುಗಳ ಹಿಡಿಯ ಬೆಲೆಯಿಂದ ಬಂದುದಲ್ಲ, ಹಿಡಿದವರ ದುಡಿಮೆಯಿಂದ ಬಂದುದು. ಉಪಕರಣವನ್ನು ಅಲಂಕಾರದಿಂದ ಅಳೆಯುವ ದೃಷ್ಟಿಗೂ ಕಾಯಕದಿಂದ ಅಳೆಯುವ ದೃಷ್ಟಿಗೂ ಇರುವ ಅಂತರವನ್ನು ಈ ಹೆಸರುಗಳೇ ಸಾರುತ್ತವೆ.

ಮನೆಯ ಚೂರಿ

ಇನ್ನು ಈ ವಿಷಯ ನನಗೇಕೆ ಬಂತೆಂಬುದನ್ನು ಹೇಳಬೇಕು. ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ತಾತನವರ ಕಾಲದ ಒಂದು ಚೂರಿಯಿತ್ತು. ಗೇಣುದ್ದದ ಅಲಗು, ಕಡವೆಯ ಕೊಂಬಿನ ಹಿಡಿ, ಹಿತ್ತಾಳೆಯ ಬಳೆ. ತಾತನವರು ಲಿಂಗಪೂಜೆಯಿಲ್ಲದೆ ನೀರು ಮುಟ್ಟದವರು. ಇರುವೆಯ ಸಾಲನ್ನು ಕಂಡರೆ ಬಳಸಿ ನಡೆಯುವವರು. ಅಂಥವರ ಬಳಿ ಈ ಚೂರಿ ಹೇಗೆ ಬಂತೆಂದು ನಾನು ಬಾಲ್ಯದಲ್ಲಿ ಕೇಳಿದಾಗ ಮನೆಯವರು ಕೊಟ್ಟ ಉತ್ತರ ಒಂದೇ: ಅದು ಉದುರಿದ ಕೊಂಬು, ಯಾವ ಜೀವವನ್ನೂ ನೋಯಿಸಿದ್ದಲ್ಲ. ಆ ಉತ್ತರವನ್ನು ನಾನು ಸಂದೇಹಿಸಲಿಲ್ಲ. ಉಪಾಧ್ಯಾಯನಾದ ಮೇಲೆ ಜಿಂಕೆಯ ಪಾಠ ಬಂದಾಗಲೆಲ್ಲ ಆ ಚೂರಿಯನ್ನು ತರಗತಿಗೆ ಒಯ್ದು, ಅಹಿಂಸೆಯಿಂದಲೂ ಸುಂದರವಾದ ವಸ್ತುವನ್ನು ಪಡೆಯಬಹುದೆಂಬುದಕ್ಕೆ ನಿದರ್ಶನವಾಗಿ ಮಕ್ಕಳಿಗೆ ತೋರಿಸುತ್ತಿದ್ದೆ. ಹೀಗೆ ಎಷ್ಟೋ ವರ್ಷ ನಡೆಯಿತು.

ನಿವೃತ್ತನಾದ ಮೇಲೆ ಬಳೆ ಸಡಿಲವಾಗಿದ್ದುದರಿಂದ ಅದನ್ನು ಕುಲುಮೆಗೆ ಒಯ್ದೆ. ಅಲ್ಲಿಯ ವೃದ್ಧ ಆಚಾರಿಯವರು ಚೂರಿಯನ್ನು ತಿರುಗಿಸಿ, ಹಿಡಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿ, “ಇದು ಉದುರಿದ್ದಲ್ಲ ಮೇಷ್ಟ್ರೇ, ತಲೆಯಿಂದ ಕುಯ್ದದ್ದು” ಎಂದರು.

“ಹೇಗೆ ಹೇಳ್ತೀರಿ ಆಚಾರ್ರೇ? ನಮ್ಮ ತಾತನ ಕಾಲದಿಂದ ಉದುರಿದ್ದು ಅಂತಲೇ ಹೇಳ್ಕೊಂಡು ಬಂದಿದ್ದೀವಿ.”

“ಹೇಳೋರು ಹೇಳಲಿ ಬುಡಿ. ಕೊಂಬು ಸುಳ್ಳು ಹೇಳಕ್ಕಿಲ್ಲ” ಎಂದು ಅವರು ಗುರುತನ್ನು ತೋರಿಸಿದರು.

ಗುರುತು ಸ್ಪಷ್ಟವಾಗಿತ್ತು. ಕೊಂಬಿನ ಬುಡದಲ್ಲಿ ಮುತ್ತು ಪೋಣಿಸಿದಂತಹ ಒಂದು ಉಂಗುರವಿರುತ್ತದೆ. ಕೊಂಬು ತಾನಾಗಿ ಕಳಚಿದರೆ ಆ ಉಂಗುರದ ಕೆಳಗೆ ಏನೂ ಇರುವುದಿಲ್ಲ; ಒರಟಾದ ಉಬ್ಬು ಮೈ ಮಾತ್ರ ಕಾಣುತ್ತದೆ. ಕೊಂದ ಮೃಗದ ತಲೆಯಿಂದ ತೆಗೆದದ್ದಾದರೆ ಉಂಗುರದ ಕೆಳಗೂ ತಲೆಬುರುಡೆಯ ಎಲುಬು ತುಂಡಾಗಿ ಅಂಟಿಕೊಂಡಿದ್ದು, ಅದರ ತುದಿ ಗರಗಸದಿಂದ ಸಪಾಟಾಗಿರುತ್ತದೆ. ನಮ್ಮ ಚೂರಿಯ ಹಿಡಿಯಲ್ಲಿ ಉಂಗುರದ ಆಚೆಗೆ ಒಂದು ಬೆರಳಗಲ ನಯವಾದ ಎಲುಬಿತ್ತು. ಅದರ ತುದಿಯಲ್ಲಿ ಗರಗಸದ ಗೆರೆಗಳಿದ್ದವು. ಬಾಲ್ಯದಿಂದ ನಾನು ಅದನ್ನು ನೂರಾರು ಸಲ ಮುಟ್ಟಿದ್ದೆ. ಓದಬಲ್ಲೆನೆಂದು ಹೆಮ್ಮೆಪಡುವ ನನಗೆ ಅದನ್ನು ಓದಲು ಬಂದಿರಲಿಲ್ಲ. ತಾತನವರಿಗೆ ಈ ಸಂಗತಿ ತಿಳಿದಿತ್ತೋ ಇಲ್ಲವೋ, ಅದನ್ನು ನಿರ್ಣಯಿಸಲು ನಾನು ಯಾರು? ಆದರೆ ತರಗತಿಯಲ್ಲಿ ನಾನು ನುಡಿದದ್ದು ಅಸತ್ಯ. ಕೇಳಿದ್ದನ್ನು ಪರೀಕ್ಷಿಸದೆ ಮಕ್ಕಳಿಗೆ ದಾಟಿಸಿದ ಹೊಣೆ ನನ್ನದು.

ಉದುರಿದ ಕೊಂಬನ್ನು ಕುರಿತು ಇನ್ನೊಂದು ಸಂಗತಿಯನ್ನೂ ಆಮೇಲೆ ತಿಳಿದೆ. ಕಾಡಿನಲ್ಲಿ ಬಿದ್ದ ಕೊಂಬು ವಾರಸುದಾರರಿಲ್ಲದ ಸ್ವತ್ತಲ್ಲ. ಮುಳ್ಳುಹಂದಿ ಮೊದಲಾದ ಪ್ರಾಣಿಗಳು ಸುಣ್ಣದ ಅಂಶಕ್ಕಾಗಿ ಅದನ್ನು ಕಡಿದು ತಿನ್ನುತ್ತವೆ; ಉಳಿದದ್ದು ಮಣ್ಣಿಗೆ ಸೇರುತ್ತದೆ. ಅಲ್ಲದೆ ‘ಉದುರಿದ್ದು’ ಎಂಬ ಮಾತಿನ ಮರೆಯಲ್ಲಿ ಕೊಂದದ್ದೂ ಮಾರಾಟವಾಗುವುದೆಂಬುದಕ್ಕೆ ನಮ್ಮ ಮನೆಯ ಚೂರಿಯೇ ಸಾಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೃಗದ ಚರ್ಮ, ಹಲ್ಲು, ಉಗುರುಗಳಂತೆ ಕೊಂಬನ್ನೂ ಹೆಸರಿಸಿ ಹತೋಟಿಗೆ ಒಳಪಡಿಸಿರುವುದರ ಔಚಿತ್ಯ ಆಗ ನನಗೆ ಅರಿವಾಯಿತು. 2003ರಲ್ಲಿ ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು ಕೇಂದ್ರ ಸರ್ಕಾರ 180 ದಿನಗಳ ಅವಕಾಶವನ್ನು ಕೊಟ್ಟಿತ್ತು. ಪೆಟ್ಟಿಗೆಯಲ್ಲಿದ್ದ ಚೂರಿಗೂ ಅದು ಅನ್ವಯಿಸುತ್ತದೆಂದು ನಮಗಾರಿಗೂ ಹೊಳೆದಿರಲಿಲ್ಲ. ಕಡವೆಯ ಕೊಂಬಿನ ರಫ್ತೂ ಈಗ ನಿಷಿದ್ಧ. ನಮ್ಮ ತಾಲ್ಲೂಕುಗಳಲ್ಲಿ ಕಾಡುಮೃಗಗಳಿಗಾಗಿ ಉಳಿದಿರುವ ನೆಲವೂ ಅಲ್ಪ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟಗಳಲ್ಲಿ ತೋಳಗಳ ರಕ್ಷಣೆಗೆಂದು 1974ರಲ್ಲಿ ಸುಮಾರು 50 ಚದರ ಕಿಲೋಮೀಟರಿನ ವನ್ಯಧಾಮ ಏರ್ಪಟ್ಟಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಗಳ ಧಾಮವಿದೆ.

ಆಚಾರಿಯವರಿಂದಲೇ ಹಿಡಿಯನ್ನು ಬಿಡಿಸಿ, ಕೊಂಬನ್ನು ಒಂದು ಪತ್ರದೊಡನೆ ಅರಣ್ಯ ಇಲಾಖೆಗೆ ಒಪ್ಪಿಸಿದೆ. ಮನೆಯಲ್ಲಿ ಆಕ್ಷೇಪಣೆ ಬಾರದಿರಲಿಲ್ಲ. “ತಾತನ ನೆನಪನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ರಾ?” ಎಂದು ತಮ್ಮ ಕೇಳಿದ. ಆ ಮಾತು ಈಗಲೂ ಚುಚ್ಚುತ್ತದೆ. ಆದರೆ ತಾತನವರ ನೆನಪು ಇರುವೆಯ ಸಾಲನ್ನು ಬಳಸಿ ನಡೆದ ಅವರ ಪಾದಗಳಲ್ಲಿದೆಯೇ ಹೊರತು ಒಂದು ಮೃಗದ ತಲೆಬುರುಡೆಯ ತುಂಡಿನಲ್ಲಿ ಅಲ್ಲವೆಂದು ನಾನು ಸಮಾಧಾನ ತಂದುಕೊಂಡಿದ್ದೇನೆ.

ಅಲಗು ನಮ್ಮಲ್ಲೇ ಉಳಿಯಿತು. ಅದಕ್ಕೆ ಆಚಾರಿಯವರು ಹುಣಸೆಯ ಮರದ ಹಿಡಿಯನ್ನು ಹಾಕಿಕೊಟ್ಟರು. ಪೆಟ್ಟಿಗೆಯಲ್ಲಿ ಮಲಗಿದ್ದ ಚೂರಿ ಈಗ ದಿನವೂ ತೆಂಗಿನ ನಾರನ್ನು ಬಿಡಿಸುತ್ತದೆ, ಬಾಳೆಯೆಲೆ ಕೊಯ್ಯುತ್ತದೆ, ಜಂಗಮರು ದಯಮಾಡಿಸಿದಾಗ ಹಣ್ಣು ಹೆಚ್ಚುತ್ತದೆ. ಹಿಡಿ ಆಗಲೇ ಕೈಯ ಬೆವರಿಗೆ ಕಪ್ಪಾಗತೊಡಗಿದೆ.